ಆನ್‌ಲೈನಿನಲ್ಲಿ ಹಳೆಯ ನೋಟು ಕೊಳ್ಳುವ ಮುನ್ನ ಪರೀಕ್ಷಿಸುವುದು ಹೇಗೆ?

ಹಳೆಯ ನೋಟನ್ನು ಬೆರಳಿಂದ ಸವರಿ, ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ಕೊಳ್ಳಬೇಕು. ಆನ್‌ಲೈನ್ ಮಾರಾಟದಲ್ಲಿ ಆ ಅನುಕೂಲವಿಲ್ಲ. ಅಲ್ಲಿ ಸಿಗುವುದು ಒಂದೆರಡು ಚಿತ್ರ, ಜೊತೆಗೆ ಮಾರುವವರ ವರ್ಣನೆ. ವರ್ಣನೆಯನ್ನು ಬದಿಗಿಟ್ಟು ಚಿತ್ರವನ್ನು ಸಾಕ್ಷಿಯಂತೆ ವಿಚಾರಿಸುವುದನ್ನು ಕಲಿತರೆ ಮೋಸ ಹೋಗುವ ಸಾಧ್ಯತೆ ಬಹಳ ಕಡಿಮೆಯಾಗುತ್ತದೆ.

ಮೊದಲು, ಅಂಥ ನೋಟು ನಿಜವಾಗಿ ಚಲಾವಣೆಗೆ ಬಂದಿತ್ತೇ ಎಂದು ಖಚಿತಪಡಿಸಿಕೊಳ್ಳಿ. ಜಗತ್ತಿನ ನೋಟುಗಳಿಗೆ ನೋಟು ಸಂಗ್ರಾಹಕ ಆಲ್ಬರ್ಟ್ ಪಿಕ್ ಅವರ ಹೆಸರಿನ ‘ಪಿಕ್ ಸಂಖ್ಯೆ’ ಇರುವ ಕ್ಯಾಟಲಾಗ್ ಇದೆ. ದೇಶ, ಮುಖಬೆಲೆ, ವರ್ಷ, ಸಹಿ ನಾಲ್ಕೂ ಅದರೊಡನೆ ಹೊಂದಬೇಕು. ಜಿಂಬಾಬ್ವೆಯ 100 ಟ್ರಿಲಿಯನ್ ಡಾಲರ್ ನೋಟನ್ನೇ ನೋಡಿ. ಅದರ ಮೇಲೆ 2008 ಎಂದಿದೆ, ಹೊರಬಂದದ್ದು 2009ರ ಜನವರಿಯಲ್ಲಿ. ಅದಕ್ಕಿಂತ ದೊಡ್ಡ ಮುಖಬೆಲೆಯ ನೋಟನ್ನು ಆ ದೇಶ ಹೊರಡಿಸಲೇ ಇಲ್ಲ. ಆದರೂ ಇನ್ನಷ್ಟು ಸೊನ್ನೆ ಸೇರಿಸಿದ ಕಾಲ್ಪನಿಕ ನೋಟುಗಳೂ ಚಿನ್ನದ ಬಣ್ಣದ ಹಾಳೆಯ ಪ್ರತಿಗಳೂ ಧಾರಾಳವಾಗಿ ಮಾರಾಟಕ್ಕಿವೆ.

ಎರಡನೆಯದಾಗಿ ಚಿತ್ರಗಳನ್ನು ಕೇಳಿ ಪಡೆಯಿರಿ. ಇಲ್ಲಿ ಸಂಕೋಚ ಬೇಡ. ನಾಲ್ಕು ಅಂಚುಗಳೂ ಕಾಣುವಂತೆ ಎರಡೂ ಬದಿಯ ಚಿತ್ರ, ವಾಟರ್‌ಮಾರ್ಕ್ ಮತ್ತು ಭದ್ರತಾ ಎಳೆ ಕಾಣಲು ಬೆಳಕಿಗೆ ಹಿಡಿದ ಚಿತ್ರ, ಕ್ರಮಸಂಖ್ಯೆಯ ಹತ್ತಿರದ ಚಿತ್ರ ಇವಿಷ್ಟು ಬೇಕೇ ಬೇಕು. ಇವೆಲ್ಲಕ್ಕಿಂತ ನಾನು ಹೆಚ್ಚು ನಂಬುವುದು ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟು ತೆಗೆದ ಚಿತ್ರವನ್ನು. ನೇರ ಬೆಳಕಿನಲ್ಲಿ ಅಡಗುವ ಮಡಿಕೆ, ಪಿನ್ನಿನ ತೂತು, ಅಂಟಿಸಿದ ಹರಕು ಅದರಲ್ಲಿ ಎದ್ದು ಕಾಣುತ್ತವೆ. ಕೆತ್ತಿದ ಅಚ್ಚಿನಿಂದ ಒತ್ತಿ ಮುದ್ರಿಸಿದ ನೋಟಾದರೆ ಮಸಿಯ ಉಬ್ಬೂ ತೋರುತ್ತದೆ. ನೋಟಿನ ಪಕ್ಕದಲ್ಲಿ ಆ ದಿನದ ದಿನಾಂಕ ಬರೆದ ಚೀಟಿ ಇಡಲು ಹೇಳಿ. ಬೇರೆಯವರ ಚಿತ್ರ ಕದ್ದು ಹಾಕಿದವರು ಅಲ್ಲಿಗೇ ಸುಮ್ಮನಾಗುತ್ತಾರೆ.

ಕ್ರಮಸಂಖ್ಯೆಯನ್ನು ಹುಡುಕಾಟದ ಪೆಟ್ಟಿಗೆಯಲ್ಲಿ ಹಾಕಿ ನೋಡುವುದೂ ಒಳ್ಳೆಯದು. ಒಂದೇ ಸಂಖ್ಯೆ ಹಲವರ ಬಳಿ ಕಂಡರೆ ಅದು ಬಹುಮಟ್ಟಿಗೆ ಪ್ರತಿ. ಅಮೆರಿಕದ ಅಂತರ್ಯುದ್ಧ ಕಾಲದಲ್ಲಿ ಬೇರ್ಪಟ್ಟ ದಕ್ಷಿಣದ ರಾಜ್ಯಗಳ (ಕಾನ್ಫೆಡರೇಟ್) ನೋಟುಗಳಲ್ಲಿ ಇದು ಸಾಮಾನ್ಯ. ಅಸಲಿ ನೋಟುಗಳಲ್ಲಿ ಬಹುಪಾಲಿಗೆ ಕೈಯಿಂದಲೇ ಸಹಿ ಹಾಕಲಾಗಿತ್ತು, ಪ್ರತಿಗಳಲ್ಲಿ ಸಹಿಯೂ ಅಚ್ಚಾಗಿರುತ್ತದೆ. ಫಿಲಡೆಲ್ಫಿಯಾದ ಸ್ಯಾಮ್ಯುಯೆಲ್ ಅಪ್‌ಹ್ಯಾಮ್ 1862ರಲ್ಲೇ ಇಂಥ ಪ್ರತಿಗಳನ್ನು ಮಾರುತ್ತಿದ್ದರು. ಅಂಚಿನಲ್ಲಿದ್ದ ಅವರ ಹೆಸರನ್ನು ಕತ್ತರಿಸಿಬಿಟ್ಟರೆ ಅಸಲಿ ಎಂದೇ ಸಾಗುತ್ತಿತ್ತು. ಅಂಚು ಪೂರ್ತಿ ಕಾಣಬೇಕು ಎಂದದ್ದು ಇದಕ್ಕೇ.

ಇನ್ನು ಬೆಲೆ. ವಯಸ್ಸು ನೋಡಿ ಬೆಲೆ ಕಟ್ಟುವುದು ಹೊಸಬರ ದೊಡ್ಡ ತಪ್ಪು. ಎಷ್ಟು ಉಳಿದಿವೆ, ಎಷ್ಟು ಜನಕ್ಕೆ ಬೇಕು, ಸ್ಥಿತಿ ಹೇಗಿದೆ ಎಂಬುದರ ಮೇಲೆ ಬೆಲೆ ನಿಂತಿದೆ. ಒಂದೂ ಮಡಿಕೆಯಿಲ್ಲದ ಗರಿಗರಿ ನೋಟಿಗೂ ನಡುವೆ ಒಮ್ಮೆ ಮಡಚಿದ ನೋಟಿಗೂ ದರದಲ್ಲಿ ಭಾರಿ ಅಂತರವಿರುತ್ತದೆ. ಹಾಗಾಗಿ ತೊಳೆದು, ಒತ್ತಿ, ಮಡಿಕೆ ಮಾಯ ಮಾಡಿದ ನೋಟುಗಳೂ ಬರುತ್ತವೆ. ಅವುಗಳ ಬಣ್ಣ ಮಂಕಾಗಿ, ಮುದ್ರಣದ ಉಬ್ಬು ಚಪ್ಪಟೆಯಾಗಿರುತ್ತದೆ. ಇದನ್ನು ಹೇಳದೆ ಮಾರುವುದು ನನ್ನ ದೃಷ್ಟಿಯಲ್ಲಿ ವಂಚನೆಯೇ. ಹೋಲಿಕೆಗೆ ಮಾರಾಟವಾಗಿ ಮುಗಿದ ಹರಾಜುಗಳ ದರವನ್ನೇ ನೋಡಿ, ಅದೂ ಅದೇ ದರ್ಜೆಯ ನೋಟಿನದು. ಮಾರುವವರು ಕೇಳುವ ಬೆಲೆ ಬರಿಯ ಆಸೆ.

ದರ್ಜೆ ನಮೂದಿಸಿ ಪ್ಲಾಸ್ಟಿಕ್ ಕವಚದಲ್ಲಿಟ್ಟ ನೋಟಾದರೆ 70ರ ಮಾಪನದಲ್ಲಿ ಅಂಕ ಇರುತ್ತದೆ. ಕವಚವೂ ನಕಲಿಯಾಗಬಹುದು. ನೋಟುಗಳಿಗೆ ದರ್ಜೆ ನೀಡುವ ಪಿಎಂಜಿಯಂಥ ಸಂಸ್ಥೆಯ ತಾಣದಲ್ಲಿ ಪ್ರಮಾಣಪತ್ರದ ಸಂಖ್ಯೆ ಹಾಕಿ, ಅಲ್ಲಿನ ವಿವರವನ್ನೂ ಚಿತ್ರವಿದ್ದರೆ ಅದನ್ನೂ ಕೈಗೆ ಬರುವ ನೋಟಿನ ಕ್ರಮಸಂಖ್ಯೆಯೊಡನೆ ತಾಳೆ ನೋಡಿ.

ಪೊಟ್ಟಣ ಬಂದಾಗ ತೆರೆಯುವುದನ್ನು ವಿಡಿಯೊ ಮಾಡಿ. ಭೂತಗನ್ನಡಿಯಲ್ಲಿ ಸೂಕ್ಷ್ಮ ಗೆರೆಗಳು ಕಡಿಯದೆ ಹರಿದಿರಬೇಕು. ಬಣ್ಣದ ಚುಕ್ಕಿಗಳ ಗುಂಪು ಕಂಡರೆ ಅದು ಬಹುಮಟ್ಟಿಗೆ ಪ್ರಿಂಟರಿನ ಕೆಲಸ. ಆಮೇಲೆ ಕತ್ತಲಲ್ಲಿ ನೇರಳಾತೀತ ದೀಪ ಹಿಡಿಯಿರಿ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ನೋಟಿನ ಕಾಗದ ಮಂಕಾಗಿಯೇ ಉಳಿಯಬೇಕು. ನೀಲಿಬಿಳುಪಾಗಿ ಬೆಳಗಿದರೆ ಕಾಗದ ಹೊಸದು, ಇಲ್ಲವೇ ಯಾರೋ ಸೋಪಿನ ಪುಡಿಯಲ್ಲಿ ತೊಳೆದಿದ್ದಾರೆ. ಎರಡರಲ್ಲಿ ಯಾವುದಾದರೂ ಸರಿ, ಹಿಂತಿರುಗಿಸುವ ಗಡುವು ಮೀರುವ ಮುನ್ನ ಅದರ ಚಿತ್ರಗಳನ್ನು ಲಗತ್ತಿಸಿ ಹಣ ವಾಪಸು ಕೇಳಿ.