ಪರ್ಡ್ಯೂನಾ ಇಲಿನಾಯಾ: ಮಗಳ ಎಂಜಿನಿಯರಿಂಗ್‌ಗೆ ನಾವು ಯೂನಿವರ್ಸಿಟಿ ಆರಿಸಿದ್ದು

ಹೋದ ವರ್ಷ ಏಪ್ರಿಲ್ ಪೂರ್ತಿ ನಮ್ಮನೇಲಿ ಇದೊಂದೇ ಮಾತು. ನಾವಿರೋದು ನ್ಯೂಜೆರ್ಸಿಲಿ, ಮಗಳಿಗೆ ಇಂಡಿಯಾನಾದ ಪರ್ಡ್ಯೂನಲ್ಲೂ ಸೀಟ್ ಬಂತು, ಇಲಿನಾಯ್ ಅರ್ಬಾನಾ-ಶಾಂಪೇನ್‌ನಲ್ಲೂ ಬಂತು, ಎರಡೂ ಸ್ಟೇಟ್ ಯೂನಿವರ್ಸಿಟಿ, ಎರಡೂ ನಮಗೆ ಔಟ್ ಆಫ್ ಸ್ಟೇಟ್, ಅಂದ್ರೆ ಬೇರೆ ರಾಜ್ಯದವ್ರು ಅಂತ ಜಾಸ್ತಿ ಫೀ, ಮೇ 1ರೊಳಗೆ ಒಂದನ್ನ ಗಟ್ಟಿ ಮಾಡ್ಬೇಕು. ನಮ್ಮ ನ್ಯೂಜೆರ್ಸಿಯ ಸ್ಟೇಟ್ ಯೂನಿವರ್ಸಿಟಿ ರಟ್ಗರ್ಸ್ ಹತ್ರದಲ್ಲೇ ಇತ್ತಲ್ವಾ ಅಂತ ತುಂಬ ಜನ ಕೇಳಿದ್ರು, ಅವಳು ಮನೆಯಿಂದ ದೂರ ಇದ್ದು ಓದ್ಬೇಕು ಅಂತ ಮೊದಲಿಂದ ಹೇಳ್ತಿದ್ಲು, ನಾವೂ ಒಪ್ಪಿದ್ವಿ, ಅಷ್ಟೆ.

ಮೊದಲು ದುಡ್ಡಿನ ಲೆಕ್ಕ. ನಾವು ನೋಡಿದಾಗ ಪರ್ಡ್ಯೂ 2013ರಿಂದ ಟ್ಯೂಷನ್ ಏರಿಸಿರ್ಲಿಲ್ಲ, ಹೊರಗಿನ ರಾಜ್ಯದವ್ರಿಗೆ ವರ್ಷಕ್ಕೆ ಸುಮಾರು 28,800 ಡಾಲರ್ ಇತ್ತು, ಎಂಜಿನಿಯರಿಂಗ್‌ಗೆ ಅದರ ಮೇಲೆ ಬೇರೆ ಫೀ ಇದೆ. ಇಲಿನಾಯಲ್ಲಿ ಎಂಜಿನಿಯರಿಂಗ್‌ನವ್ರಿಗೆ ಟ್ಯೂಷನ್ನೇ ಬೇರೆ ದರ. ಹಾಸ್ಟೆಲ್, ಊಟ, ವಿಮಾನದ ಟಿಕೆಟ್ ಎಲ್ಲ ಸೇರಿಸಿ ನಮ್ಮನೆಯವ್ರು ಎಕ್ಸೆಲ್ ಶೀಟ್ ಮಾಡಿದಾಗ ಇಲಿನಾಯ್ ವರ್ಷಕ್ಕೆ ಹತ್ತಿರಹತ್ತಿರ 18,000 ಡಾಲರ್ ಜಾಸ್ತಿ ಬಂತು, ನಾಲ್ಕು ವರ್ಷಕ್ಕೆ 72,000. ಫಾಫ್ಸಾ (ಕೇಂದ್ರ ಸರ್ಕಾರದ ಓದಿನ ನೆರವಿಗೆ ಹಾಕೋ ಅರ್ಜಿ) ತುಂಬಿದ್ರೂ ಮಗುವಿನ ಹೆಸರಲ್ಲಿ ಮೊದಲ ವರ್ಷ ಸಿಗೋ ಫೆಡರಲ್ ಸಾಲ 5,500 ಡಾಲರ್ ಮಾತ್ರ, ಹೊರಗಿನ ರಾಜ್ಯದ ಮಕ್ಕಳಿಗೆ ಇಂಥ ಸ್ಟೇಟ್ ಯೂನಿವರ್ಸಿಟಿಗಳು ಸಾಮಾನ್ಯವಾಗಿ ಕೈಬಿಚ್ಚಿ ಏನೂ ಕೊಡಲ್ಲ. ಒಬ್ಬ ಕನ್ಸಲ್ಟೆಂಟ್ ನಮಗೆ "ಒಂದು ವರ್ಷ ಅಲ್ಲಿದ್ರೆ ಸಾಕು, ಇನ್-ಸ್ಟೇಟ್ ಆಗ್ತಾಳೆ, ಅರ್ಧ ಫೀ" ಅಂದಿದ್ರು, ಅಂದ್ರೆ ಆ ರಾಜ್ಯದವಳೇ ಅಂತ ಲೆಕ್ಕ, ನಾವು ಎರಡು ವಾರ ಅದನ್ನೇ ನಂಬ್ಕೊಂಡು ಲೆಕ್ಕ ಹಾಕಿದ್ವಿ. ನಿಯಮ ಓದಿದ್ರೆ ಅಪ್ಪ ಅಮ್ಮನ ಮೇಲೆ ಅವಲಂಬಿಸಿರೋ ಮಕ್ಕಳಿಗೆ ಅಪ್ಪ ಅಮ್ಮ ಎಲ್ಲಿರ್ತಾರೋ ಅದೇ ಅವರ ರಾಜ್ಯ, ಓದೋಕಂತ ಬಂದು ಇದ್ರೆ ಅದು ಲೆಕ್ಕಕ್ಕೇ ಬರಲ್ಲ. ಆ ಎರಡು ವಾರ ನೆನೆಸಿಕೊಂಡ್ರೆ ಈಗ್ಲೂ ಸಂಕಟ ಆಗುತ್ತೆ, ದಯವಿಟ್ಟು ಯಾರ ಮಾತನ್ನೂ ಕೇಳದೆ ಯಾರು ಯಾವ ರಾಜ್ಯದವ್ರು ಅಂತ ತೀರ್ಮಾನಿಸೋ ಈ ರೆಸಿಡೆನ್ಸಿ ನಿಯಮ ನೀವೇ ಓದಿ.

ಆದ್ರೆ ನಿಜ ಹೇಳ್ಬೇಕಂದ್ರೆ ನಮ್ಮ ತೀರ್ಮಾನ ಆಗಿದ್ದು ದುಡ್ಡಿನಿಂದಲ್ಲ, ಬ್ರಾಂಚ್‌ನಿಂದ. ಇಲಿನಾಯಲ್ಲಿ ಅವಳಿಗೆ ಸಿಕ್ಕಿದ್ದು ನೇರವಾಗಿ ಮೆಕ್ಯಾನಿಕಲ್. ಪರ್ಡ್ಯೂನಲ್ಲಿ ಎಲ್ರೂ ಮೊದಲು ಫಸ್ಟ್ ಇಯರ್ ಎಂಜಿನಿಯರಿಂಗ್‌ಗೆ ಸೇರ್ತಾರೆ, ಮ್ಯಾಥ್ಸು ಫಿಸಿಕ್ಸು ಕೆಮಿಸ್ಟ್ರಿ ಜೊತೆಗೆ ಎಂಜಿನಿಯರಿಂಗ್ ಪರಿಚಯದ ಕೋರ್ಸು, ಅದು ಮುಗಿದ ಮೇಲೆ ಬ್ರಾಂಚ್ ಆರಿಸೋದು. ನಾನು ಮೊದಲು ಅಂದ್ಕೊಂಡಿದ್ದು ಇಲಿನಾಯ್ ಸೇಫು, ಬ್ರಾಂಚ್ ಕೈಲಿದೆಯಲ್ಲ ಅಂತ.

ಒಂದು ಭಾನುವಾರ ಎರಡೂ ಕಡೆಯ ಮೆಕ್ಯಾನಿಕಲ್ಲು, ಎಲೆಕ್ಟ್ರಿಕಲ್ಲು, ಎರಡನೇ ಮತ್ತು ಮೂರನೇ ವರ್ಷದ ಕೋರ್ಸ್ ಪಟ್ಟಿ ಪ್ರಿಂಟ್ ತೆಗೆದು ಅವಳ ಮುಂದೆ ಇಟ್ಟೆ. "ಹೆಸರು, ವಿವರ ಓದಿ ನಿಂಗೆ ನಿಜವಾಗ್ಲೂ ಕಲೀಬೇಕು ಅನ್ಸೋದಕ್ಕೆ ರೌಂಡ್ ಹಾಕು ಪುಟ್ಟಿ, ಬೇರೆ ಏನೂ ಯೋಚ್ನೆ ಮಾಡ್ಬೇಡ" ಅಂದೆ. ಥರ್ಮೋಡೈನಮಿಕ್ಸ್ ಹತ್ರ ಪೆನ್ನು ನಿಂತೇ ಇಲ್ಲ, ಫ್ಲೂಯಿಡ್ ಮೆಕ್ಯಾನಿಕ್ಸ್ ದಾಟಿ ಹೋಯ್ತು, ಸರ್ಕ್ಯೂಟ್ಸು, ಸಿಗ್ನಲ್ಸು, ಎಲೆಕ್ಟ್ರೋಮ್ಯಾಗ್ನೆಟಿಕ್ಸು, ಹೀಗೆ ಎಲೆಕ್ಟ್ರಿಕಲ್ ಕೋರ್ಸ್ ಎಲ್ಲದಕ್ಕೂ ರೌಂಡು. ಅವಳೇ ಹಾಳೆ ನೋಡಿ ಸುಮ್ಮನಾದ್ಲು. ಆಮೇಲೆ "ಅಮ್ಮಾ, ರೊಬಾಟಿಕ್ಸ್ ಟೀಮಲ್ಲಿ ವೈರಿಂಗ್ ಎಲ್ಲ ನಾನೇ ಮಾಡ್ತಿದ್ದೆ, ಮೆಕ್ಯಾನಿಕಲ್ ಹಾಕಿದ್ದು ಎಲ್ರೂ ಅದನ್ನೇ ಹಾಕ್ತಿದ್ರು ಅಂತ" ಅಂದ್ಲು.

ಇಲಿನಾಯಲ್ಲಿ ಮೆಕ್ಯಾನಿಕಲ್‌ನಿಂದ ಎಲೆಕ್ಟ್ರಿಕಲ್‌ಗೆ ಹೋಗ್ಬೇಕಂದ್ರೆ ಒಳಗೇ ಮತ್ತೆ ಅರ್ಜಿ, ಬೇಕಾದ ಕೋರ್ಸ್ ಮುಗಿಸಿರ್ಬೇಕು, ಒಳ್ಳೆ ಜಿಪಿಎ (ಗ್ರೇಡ್‌ಗಳ ಸರಾಸರಿ) ಇರ್ಬೇಕು, ಆದ್ರೂ ಸಿಕ್ಕೇ ಸಿಗುತ್ತೆ ಅಂತಿಲ್ಲ. ಅನ್‌ಡಿಕ್ಲೇರ್ಡ್ ಆಗಿ, ಅಂದ್ರೆ ಬ್ರಾಂಚ್ ಆರಿಸದೆ, ಎಂಜಿನಿಯರಿಂಗ್‌ಗೆ ಸೇರೋ ದಾರಿ ಅಲ್ಲೂ ಇದೆ, ಅರ್ಜಿ ಹಾಕೋವಾಗ ನಮಗೆ ಹೊಳೀಲಿಲ್ಲ. ಪರ್ಡ್ಯೂನಲ್ಲೂ ಬೇಕಾದ ಬ್ರಾಂಚ್ ತಾನಾಗೇ ಬರಲ್ಲ, ಮೊದಲ ವರ್ಷದ ಗ್ರೇಡ್ ಕೆಡಿಸ್ಕೊಂಡ್ರೆ ಕಷ್ಟಾನೇ, ಇದನ್ನ ಅವಳಿಗೆ ನೇರವಾಗಿ ಹೇಳಿದ್ವಿ.

ಎರಡೂ ಕ್ಯಾಂಪಸ್ ನೋಡ್ಕೊಂಡು ಬಂದ್ವಿ, ನಡುವೆ ಸುಮಾರು 90 ಮೈಲಿ. ಶಾಂಪೇನ್‌ನಿಂದ ಬೆಳಿಗ್ಗೆ 7ಕ್ಕೆ ಹೊರಟ್ವಿ, ಪರ್ಡ್ಯೂನಲ್ಲಿ 9 ಗಂಟೆ ಸೆಷನ್ನು, ಆರಾಮಾಗಿ ಹೋಗ್ಬಹುದು ಅಂತ. ಆದ್ರೆ ಪರ್ಡ್ಯೂ ಇರೋ ಊರು ವೆಸ್ಟ್ ಲಾಫಯೆಟ್ ಈಸ್ಟರ್ನ್ ಟೈಮು, ಶಾಂಪೇನ್‌ಗಿಂತ ಒಂದು ಗಂಟೆ ಮುಂದೆ, ತಲುಪಿದಾಗ ಅಲ್ಲಿ 9:40. ಎರಡೂ ಒಂದೇ ಟ್ರಿಪ್ಪಲ್ಲಿ ನೋಡೋರು ಇದು ಮರೀಬೇಡಿ. ಇಲಿನಾಯಲ್ಲಿ ಬಾರ್ಡೀನ್ ಕ್ವಾಡ್ ಹತ್ರದ ಗ್ರೇಂಜರ್ ಲೈಬ್ರರಿ ನೋಡಿ ನಂಗೆ ಅಲ್ಲೇ ಸೇರಿಸ್ಬೇಕು ಅನ್ನಿಸ್ಬಿಟ್ಟಿತ್ತು, ಫಿಸಿಕ್ಸಲ್ಲಿ ಎರಡು ಸಲ ನೊಬೆಲ್ ತಗೊಂಡ ಜಾನ್ ಬಾರ್ಡೀನ್ ಪಾಠ ಮಾಡಿದ ಜಾಗ ಅದು. ಪರ್ಡ್ಯೂನಲ್ಲಿ ಮಗಳು ಆರ್ಮ್‌ಸ್ಟ್ರಾಂಗ್ ಹಾಲ್ ಹೊರಗೆ ಕೂತಿದ್ದ ಮೂರನೇ ವರ್ಷದ ಹುಡುಗಿ ಹತ್ರ ಹೋಗಿ "ಬ್ರಾಂಚ್ ಬದಲಾಯಿಸಿದೋರು ನಿಮ್ಮ ಫ್ರೆಂಡ್ಸಲ್ಲಿ ಎಷ್ಟು ಜನ?" ಅಂತ ಕೇಳಿದ್ಲು. "ನಾನೇ, ಕೆಮಿಕಲ್ ಅಂತ ಬಂದಿದ್ದೆ, ಈಗ ಇಂಡಸ್ಟ್ರಿಯಲ್" ಅಂದ್ಲು ಆ ಹುಡುಗಿ. ಕಾರಲ್ಲಿ ವಾಪಸ್ ಬರ್ತಾ ಮಗಳು ಪರ್ಡ್ಯೂ ಅಂದ್ಲು.

ನಿಮ್ಮ ಮಗು ಬ್ರಾಂಚ್ ಬಗ್ಗೆ ಖಡಾಖಂಡಿತ ಇದ್ದು, ದುಡ್ಡಿಗೂ ತೊಂದ್ರೆ ಇಲ್ಲ ಅಂದ್ರೆ ನಾನು ಇಲಿನಾಯನ್ನೇ ಹೇಳ್ತಿದ್ದೆ. ಕಂಪ್ಯೂಟರ್ ಸೈನ್ಸ್ ಬೇಕು ಅನ್ನೋರು ಇನ್ನೊಂದು ನೋಡ್ಕೊಳ್ಳಿ, ಪರ್ಡ್ಯೂನಲ್ಲಿ ಅದು ಎಂಜಿನಿಯರಿಂಗ್‌ನಲ್ಲಿಲ್ಲ, ಸೈನ್ಸ್ ಕಾಲೇಜಲ್ಲಿದೆ, ಫಸ್ಟ್ ಇಯರ್ ಎಂಜಿನಿಯರಿಂಗ್ ಸೇರಿ ಆಮೇಲೆ ಹೋಗ್ತೀನಿ ಅಂತ ಕೂತ್ರೆ ಕಷ್ಟ. ಮಗಳಿಗೆ ಎಲೆಕ್ಟ್ರಿಕಲ್ ಸಿಕ್ತು, ಈಗ ಎರಡನೇ ವರ್ಷ, ಅವತ್ತು ಮೊದಲು ರೌಂಡ್ ಹಾಕಿದ್ದ ಸರ್ಕ್ಯೂಟ್ಸ್ ಕೋರ್ಸೇ ಈ ಸೆಮಿಸ್ಟರ್‌ನಲ್ಲಿ ನಡೀತಿದೆ.