ಕಾಫಿ ಕಣದಲ್ಲಿ ಒಂದೇ ಬೆಳಗು, ಏಳು ಸಲ

ಮೂಡಿಗೆರೆಯಲ್ಲಿ ಮದುವೆ ವಿಡಿಯೊ ತೆಗೆಯುವುದು ನನ್ನ ಕಸುಬು. ಕಳೆದ ಡಿಸೆಂಬರಿನಲ್ಲಿ ಸೋದರಮಾವನ ಕಾಫಿ ತೋಟದಲ್ಲಿ ಟೈಮ್ ಲೂಪ್ ಕಥೆಯ, ಅಂದರೆ ಒಂದೇ ಹೊತ್ತು ಮತ್ತೆ ಮತ್ತೆ ಮರಳುವ ಕಥೆಯ, ಒಂಬತ್ತು ನಿಮಿಷದ ಕಿರುಚಿತ್ರವೊಂದನ್ನು ಮಾಡಿದೆವು. ತೋಟದ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ, ಎಂಟು ಗಂಟೆಗೆ ಹಾಜರಿ ಪುಸ್ತಕ ತೆರೆಯುತ್ತಾನೆ. ಕಣದಲ್ಲಿ ಹಣ್ಣು ಒಣಗುತ್ತಿದೆ. ಹತ್ತಕ್ಕೆ ಅಕಾಲದ ಮಳೆ ಬಂದು ಎಲ್ಲವನ್ನೂ ತೋಯಿಸುತ್ತದೆ. ಮರುಕ್ಷಣವೇ ಮತ್ತೆ ಎಂಟರ ಗಂಟೆ ಕೇಳಿಸುತ್ತದೆ. ಮಳೆ ಬರುವುದು ಅವನೊಬ್ಬನಿಗೇ ಗೊತ್ತು. ಹೇಳಿದರೆ ಯಾರೂ ನಂಬುವುದಿಲ್ಲ.

ಇಂಥ ಚಿತ್ರಕ್ಕೆ ಗ್ರಾಫಿಕ್ಸ್ ಬೇಡ. ಏಳು ಸಲವೂ ಅದೇ ಬೆಳಗು ಎಂದು ನೋಡುವವರು ನಂಬಿದರೆ ಸಾಕು, ಬದಲಾದ ಒಂದೇ ಒಂದು ಸಂಗತಿ ತಾನಾಗಿ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಬದಲಾಗಬಾರದ್ದರ ಮೇಲೆ ನಿಮ್ಮ ದುಡಿಮೆಯನ್ನೆಲ್ಲ ಹಾಕಿ.

ಕಥೆಯ ಕ್ರಮದಲ್ಲಿ ಚಿತ್ರೀಕರಿಸಬೇಡಿ. ನೋಟ್‌ಬುಕ್ಕಿನಲ್ಲಿ ಶಾಟ್‌ಗಳನ್ನು ಕೆಳಕ್ಕೆ, ಸುತ್ತುಗಳನ್ನು (ಬೆಳಗು ಮರಳುವ ಒಂದೊಂದು ಸಲವೂ ಒಂದು ಸುತ್ತು) ಅಡ್ಡಕ್ಕೆ ಬರೆದುಕೊಳ್ಳಿ. ಹಾಜರಿ ಪುಸ್ತಕ ತೆರೆಯುವ ಶಾಟನ್ನು ನಾವು ಗೋದಾಮಿನ ಜಗಲಿಯ ನೆರಳಿನಲ್ಲಿ, ಟ್ರೈಪಾಡ್ ಕದಲಿಸದೆ, ಏಳೂ ಸುತ್ತಿಗೆ ಒಂದೇ ಬೆಳಗಿನಲ್ಲಿ ತೆಗೆದು ಮುಗಿಸಿದೆವು. ಪ್ರತಿ ಸಲವೂ ನಟನನ್ನು ಕೇಳಿ: ಈ ಸುತ್ತಿನಲ್ಲಿ ನಿನಗೆ ಏನೇನು ಗೊತ್ತು? ಅವನು ಉತ್ತರ ಹೇಳಿದ ಮೇಲೆಯೇ ಕ್ಯಾಮೆರಾ ಚಾಲೂ ಮಾಡಿ.

ಬಿಸಿಲಿನಲ್ಲಿ ಇದು ನಡೆಯುವುದಿಲ್ಲ. ಭೂಮಿ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ತಿರುಗುತ್ತದೆ. ಏಳು ಟೇಕ್ ಮುಗಿಯುವಷ್ಟರಲ್ಲಿ ಕಣದ ಮೇಲಿನ ನೆರಳೆಲ್ಲ ಜರುಗಿರುತ್ತದೆ. ಮಂಜು ಕರಗಿದ ಮೇಲೆ ಸಿಲ್ವರ್ ಓಕ್ ಮರದ ನೆರಳು ಕಣದ ಸಿಮೆಂಟಿನ ಮೇಲೆ ಬೀಳುವ ಕಡೆ ಸೀಮೆಸುಣ್ಣದಿಂದ ಗೆರೆ ಎಳೆದೆ. ನೆರಳು ಗೆರೆ ಮುಟ್ಟಿದಾಗ ದಿನಕ್ಕೆ ಎರಡೇ ಸುತ್ತು, ಹೀಗೆ ನಾಲ್ಕು ದಿನ. ಡಿಸೆಂಬರ್ 21ರ ಆಸುಪಾಸನ್ನು ಆರಿಸಿಕೊಂಡದ್ದೂ ಇದಕ್ಕಾಗಿಯೇ. ಆಗ ಸೂರ್ಯನ ದಾರಿ ದಿನದಿಂದ ದಿನಕ್ಕೆ ಬದಲಾಗುವುದು ತೀರಾ ಕಡಿಮೆ. ಮಾರ್ಚಿನಲ್ಲಾದರೆ ಗೆರೆಯೂ ನೆರಳೂ ಬೇಗ ಬೇರೆಯಾಗುತ್ತವೆ.

ಮೊಬೈಲ್ ಆದರೂ ಸಾಕು. ಎಕ್ಸ್‌ಪೋಷರ್ (ಬೆಳಕಿನ ಮಟ್ಟ), ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆ) ಮೂರನ್ನೂ ಲಾಕ್ ಮಾಡಿ. ನಮ್ಮ ವಿದ್ಯುತ್ತು 50 ಹರ್ಟ್ಸ್. ಸೆಕೆಂಡಿಗೆ 25 ಫ್ರೇಮ್, 1/50 ಶಟರ್ ಇಟ್ಟರೆ ಟ್ಯೂಬ್‌ಲೈಟ್ ಮಿನುಗುವುದಿಲ್ಲ.

ಮೂರನೆಯ ದಿನ ನಾನು ಎಣಿಸಿಯೇ ಇರದ ತೊಂದರೆ ಎದುರಾಯಿತು. ಮೊದಲ ದಿನ ಕೆಂಪಗೆ ಹೊಳೆಯುತ್ತಿದ್ದ ಹಣ್ಣಿನ ಸಿಪ್ಪೆ ಸುಕ್ಕುಗಟ್ಟಿ ಕಂದಿತ್ತು. ಹೆಂಗಸರು ಕಾಲಿನಿಂದ ಸಾಲು ಎಳೆದಾಗ ಅಡಿಯಿಂದ ಇನ್ನೂ ಕಪ್ಪು ಹಣ್ಣು ಮೇಲೆ ಬಂತು. ಎರಡು ದಿನದ ಚಿತ್ರೀಕರಣದ ಪಕ್ಕದಲ್ಲಿ ಇದನ್ನು ಇಟ್ಟರೆ ಅದೇ ಬೆಳಗು ಎಂದು ಮಗುವೂ ಒಪ್ಪುವುದಿಲ್ಲ. ಮಾವ ಒಂದು ಮಾತೂ ಆಡದೆ ಆಳುಗಳನ್ನು ಕರೆದು, ಹಿಂದಿನ ಸಂಜೆ ಕೊಯ್ದು ತಂದ ಹಣ್ಣನ್ನು ಕ್ಯಾಮೆರಾದ ಮುಂದೆ ಹರವಿಸಿದರು. ಹಳೆಯದನ್ನು ಹಿಂದಕ್ಕೆ ಸರಿಸಿದರು. ನೀವು ಮೊದಲೇ ಕೂತು ಪಟ್ಟಿ ಮಾಡಿ: ಒಣಗುವುದು, ಬಾಡುವುದು, ಬೆಳೆಯುವುದು ಏನೇನಿದೆ? ನಟನ ಗಡ್ಡವೂ ಆ ಪಟ್ಟಿಯಲ್ಲಿರಲಿ.

ಮಳೆಯನ್ನು ಒಂದೇ ಸಲ ಚಿತ್ರೀಕರಿಸಿ, ಎಲ್ಲ ಸುತ್ತಿಗೂ ಅದನ್ನೇ ಬಳಸಿ. ಹೂ ಬರಿಸಲು ನೀರು ಹಾಯಿಸುವ ಸ್ಪ್ರಿಂಕ್ಲರ್ ತೋಟದಲ್ಲೇ ಇತ್ತು. ಬೆಳಕು ಹನಿಗಳ ಹಿಂದಿನಿಂದ ಬರಬೇಕು, ಇಲ್ಲದಿದ್ದರೆ ಮಳೆ ಕಾಣಿಸುವುದೇ ಇಲ್ಲ. ವರ್ಷದ ದುಡಿಮೆಯ ಮೇಲೆ ನೀರು ಬಿಡಲು ಯಾರಿಗೂ ಮನಸ್ಸು ಬಾರದು; ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದಿಂದ ಬಿದ್ದ ಕೆಂಪು ಸಿಪ್ಪೆಯನ್ನು ಕಣದ ಮೂಲೆಯಲ್ಲಿ ಹರವಿ ಅದನ್ನೇ ನೆನೆಸಿದೆವು. ದೂರದಿಂದ ಅದು ಹಣ್ಣಿನಂತೆಯೇ ಕಾಣುತ್ತದೆ.

ಸಂಕಲನದಲ್ಲಿ ಮೊದಲ ಸುತ್ತಿಗೆ ಪೂರ್ತಿ ಎರಡೂವರೆ ನಿಮಿಷ ಕೊಡಿ. ಗಂಟೆ, ಪುಸ್ತಕ, ಕಾಲಿನ ಸಾಲು, ಎಲ್ಲವೂ ನೋಡುವವರ ಮನಸ್ಸಿನಲ್ಲಿ ಕೂರಬೇಕು. ಆಮೇಲಿನವು ಚಿಕ್ಕದಾಗುತ್ತಾ ಹೋಗಲಿ. ನಮ್ಮ ಐದನೆಯ ಸುತ್ತು ಹನ್ನೆರಡೇ ಸೆಕೆಂಡು. ಗಂಟೆಯ ಸದ್ದನ್ನು ಒಮ್ಮೆ ಮಾತ್ರ ರೆಕಾರ್ಡ್ ಮಾಡಿ, ಏಳೂ ಕಡೆ ಅದನ್ನೇ ಜೋಡಿಸಿ.

ಕೊನೆಯ ಸುತ್ತು ಮಾತ್ರ ಮತ್ತೆ ನಿಧಾನವಾಗಲಿ. ಏಳನೆಯ ಸಲ ನಮ್ಮ ರೈಟರ್ ಯಾರಿಗೂ ಏನನ್ನೂ ವಿವರಿಸುವುದಿಲ್ಲ. ಪುಸ್ತಕ ಮುಚ್ಚಿಟ್ಟು, ತಾನೇ ಟಾರ್ಪಾಲಿನ ಒಂದು ತುದಿ ಹಿಡಿದು ಎಳೆಯುತ್ತಾನೆ. ನೋಡಿದ ಹೆಂಗಸರು ಇನ್ನೊಂದು ತುದಿ ಹಿಡಿಯುತ್ತಾರೆ. ಅನಂತರ ಗಂಟೆ ಬಾರಿಸುತ್ತದೆ. ಟಾರ್ಪಾಲು ಸರಿದಾಗ ಅಡಿಯಲ್ಲಿರುವುದು ಆ ಮೂರನೆಯ ದಿನದ ಕಂದಿದ ಹಣ್ಣು.