ಹಕ್ಕಿಗಳಿಂದ ಅಕ್ಷರ ಕಟ್ಟುವ ಬಗೆ: ಅರ್ಮೇನಿಯಾದ ತರ್ಚ್ನಗಿರ್

ಅರ್ಮೇನಿಯಾದ ಹಳೆಯ ಹಸ್ತಪ್ರತಿಗಳಲ್ಲಿ ಅಧ್ಯಾಯದ ಮೊದಲ ಅಕ್ಷರವನ್ನು ಎಷ್ಟೋ ಕಡೆ ಹಕ್ಕಿಗಳಿಂದಲೇ ಕಟ್ಟಿರುತ್ತಾರೆ. ಒಂದರ ಬಾಲವನ್ನು ಇನ್ನೊಂದು ಕಚ್ಚಿ ಹಿಡಿದಿರುತ್ತದೆ, ನಡುವೆ ಮೀನೊಂದು ಬಾಗಿರುತ್ತದೆ. ಇದಕ್ಕೆ ತರ್ಚ್ನಗಿರ್, ಅಂದರೆ ಹಕ್ಕಿಬರಹ, ಎಂದು ಹೆಸರು. ಕಲಿಯಲು ಕೂತವರು ಸಾಮಾನ್ಯವಾಗಿ ಮೊದಲು ಚೆಂದದ ಹಕ್ಕಿ ಬರೆದು, ಆಮೇಲೆ ಅದನ್ನು ಅಕ್ಷರಕ್ಕೆ ಬಗ್ಗಿಸಲು ಹೋಗುತ್ತಾರೆ. ಅಲ್ಲೇ ಕೆಲಸ ಕೆಡುತ್ತದೆ. ಮೊದಲು ಅಕ್ಷರ, ಅದರ ಮೈಯೊಳಗೆ ಹಕ್ಕಿ.

ಮೊದಲ ಪ್ರಯತ್ನಕ್ಕೆ ಅರ್ಮೇನಿಯನ್ ಲಿಪಿಯ 'ಸೆ' ಅಕ್ಷರ ಒಳ್ಳೆಯದು. ಇಂಗ್ಲಿಷಿನ ದೊಡ್ಡ 'ಯು' ಹಾಗೆ ಎರಡು ಕಂಬ, ಕೆಳಗೊಂದು ಬಾಗು, ಅಷ್ಟೇ. ಅರ್ಮೇನಿಯನ್ ಭಾಷೆಯಲ್ಲಿ ಮಾರ್ಕನ ಸುವಾರ್ತೆ ಶುರುವಾಗುವುದೇ ಈ ಅಕ್ಷರದಿಂದ. 60 ಮಿ.ಮೀ. ಎತ್ತರ, 40 ಮಿ.ಮೀ. ಅಗಲ, ಗೆರೆಯ ದಪ್ಪ 9 ಮಿ.ಮೀ. ಇಟ್ಟು ಪೆನ್ಸಿಲಿನಲ್ಲಿ ಬರೀ ಅಕ್ಷರ ಬರೆಯಿರಿ. ಎರಡು ಕಂಬಕ್ಕೆ ಎರಡು ಹಕ್ಕಿ, ತಲೆ ಮೇಲೆ, ಬಾಲ ಕೆಳಗೆ. ಬಾಗಿಗೆ ಮೀನು. ಅದರ ಬಾಯಲ್ಲಿ ಎಡಹಕ್ಕಿಯ ಬಾಲ, ಅದರ ಬಾಲದ ಮೇಲೆ ಬಲಹಕ್ಕಿಯ ಬಾಲ. ಹಕ್ಕಿಯ ಕುತ್ತಿಗೆ 5 ಮಿ.ಮೀ.ಗಿಂತ ತೆಳುವಾಗಬಾರದು, ಹೊಟ್ಟೆ 11 ಮೀರಬಾರದು. ಕೊಕ್ಕು ಮಾತ್ರ ಗೆರೆಯಾಚೆ ಎರಡು ಮೂರು ಮಿ.ಮೀ. ಚಾಚಿಕೊಳ್ಳಲಿ. ರೆಕ್ಕೆ ಮಡಚಿಯೇ ಇರಬೇಕು. ಬಿಚ್ಚಿದ ರೆಕ್ಕೆ ಅಕ್ಷರವನ್ನು ನುಂಗಿಬಿಡುತ್ತದೆ.

ಈಗ ಆ ಚಿತ್ರದ ನಕಲೊಂದನ್ನು ಕಪ್ಪು ಶಾಯಿಯಲ್ಲಿ ಪೂರ್ತಿ ತುಂಬಿ, ಗೋಡೆಗೆ ಅಂಟಿಸಿ, ಎರಡು ಮೀಟರ್ ಹಿಂದೆ ಸರಿದು ನೋಡಿ. ಅಕ್ಷರ ಕಂಡರೆ ಮುಂದುವರಿಯಿರಿ. ಬರೀ ಹಕ್ಕಿ ಕಂಡರೆ ಹೊಟ್ಟೆ ತಗ್ಗಿಸಿ.

ಹಾಳೆಯ ವಿಚಾರ. ಚರ್ಮದ ಹಾಳೆಯೇ ಬೇಕೆಂದು ಹಟ ಬೇಡ: ಅರ್ಮೇನಿಯಾದ ರಾಜಧಾನಿ ಯೆರೆವಾನಿನ ಮತೆನದರಾನ್ ಎಂಬ ಹಸ್ತಪ್ರತಿ ಸಂಗ್ರಹದಲ್ಲಿ 981ರಲ್ಲಿ ಕಾಗದದ ಮೇಲೆ ಬರೆದ ಪ್ರತಿಯೇ ಇದೆ. 300 ಜಿಎಸ್‌ಎಂನ, ನುಣುಪು ಮೈಯ ಹತ್ತಿಕಾಗದ ಸಾಕು. ಚರ್ಮ ಸಿಕ್ಕಿದರೆ ಪ್ಯೂಮಿಸ್ ಪುಡಿ ಉದುರಿಸಿ, ಬೆರಳಿನಲ್ಲಿ ಸುತ್ತು ಸುತ್ತಾಗಿ ಎರಡು ನಿಮಿಷ ಉಜ್ಜಿ, ಕೊಡವಿ. ಹೀಗೆ ಎಣ್ಣೆಯಂಶ ತೆಗೆಯದೆ ಹೋದರೆ ಬಣ್ಣ ಹನಿಹನಿಯಾಗಿ ಸರಿದು ನಿಲ್ಲುತ್ತದೆ. ಅಂಗೈಯ ಬೆವರೂ ಅಷ್ಟೇ ಕೆಡುಕು; ಕೈ ಕೆಳಗೆ ಸದಾ ಒಂದು ಕಾಗದದ ತುಂಡು ಇರಲಿ.

ಚಿನ್ನ ಮೊದಲು, ಬಣ್ಣ ಆಮೇಲೆ. ಚಿನ್ನದ ರೇಕು ಗೋಂದು ಇರುವಲ್ಲೆಲ್ಲ ಹಿಡಿದುಕೊಳ್ಳುತ್ತದೆ. ಬಣ್ಣದಲ್ಲೂ ಗೋಂದೇ ಇರುವುದರಿಂದ, ತಿರುಗಾಮುರುಗಾ ಮಾಡಿದರೆ ಹಕ್ಕಿಯ ಮೈಯೆಲ್ಲ ಚಿನ್ನದ ಚೂರು. ಈ ಅಕ್ಷರದಲ್ಲಿ ಚಿನ್ನಕ್ಕೆ ಎರಡೇ ಜಾಗ: ಕುತ್ತಿಗೆಯ ಪಟ್ಟಿ, ರೆಕ್ಕೆಯ ಪಟ್ಟಿ. ಎರಡೂ 3 ಮಿ.ಮೀ. ಅಗಲ.

ಕೆಳಪದರಕ್ಕೆ ಬೋಲ್ ಎಂಬ ಕೆಂಪು ಜೇಡಿ ಬೇಕು. ಪೇಟೆಯಲ್ಲಿ ಅದನ್ನು ಕರೆಯುವುದೇ 'ಅರ್ಮೇನಿಯನ್ ಬೋಲ್' ಎಂದು. ಒಂದು ಮೊಟ್ಟೆಯ ಬಿಳಿಭಾಗವನ್ನು, ಬಟ್ಟಲು ಬೋರಲು ಹಾಕಿದರೂ ಬೀಳದಷ್ಟು ನೊರೆಯಾಗಿ ಕಡೆದು, ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತಳದಲ್ಲಿ ನಿಂತ ತಿಳಿಯೇ ನಿಮ್ಮ ಅಂಟು. 3 ಗ್ರಾಂ ಬೋಲ್, 5 ಮಿ.ಲೀ. ತಿಳಿ, ಎರಡು ಹನಿ ಜೇನುನೀರು ಸೇರಿಸಿ ನುಣ್ಣಗೆ ಅರೆಯಿರಿ. ತೆಳ್ಳಗೆ ಮೂರು ಸಲ ಬಳಿಯಿರಿ, ನಡುವೆ 20 ನಿಮಿಷ ಬಿಡುವು. ಒಂದೇ ಸಲಕ್ಕೆ ದಪ್ಪ ಬಳಿದರೆ ಒಣಗುವಾಗ ಬಿರಿಯುತ್ತದೆ.

ಮರುದಿನ ಒಣಬಟ್ಟೆಯಿಂದ ಮೆಲ್ಲಗೆ ಉಜ್ಜಿ. ಕಾಗದದ ಕೊಳವೆಯಲ್ಲಿ ಮೂರು ನಾಲ್ಕು ಸಲ ಬಿಸಿ ಉಸಿರು ಬಿಡಿ, ಕೂಡಲೇ ರೇಕು ಇಟ್ಟು ಗ್ಲಾಸಿನ್ ಎಂಬ ನುಣುಪಾದ ತೆಳು ಕಾಗದದ ಮೇಲಿಂದ ಒತ್ತಿ. ಒಣಹವೆಯಲ್ಲಿ ಉಸಿರಿನ ತೇವ ಸಾಲುವುದಿಲ್ಲ; ಬಳ್ಳಾರಿಯ ಬೇಸಿಗೆಯಲ್ಲಾದರೆ ಬೆಳಗಿನ ಜಾವ ಕೂರುವುದೇ ಲೇಸು. ಅರ್ಧ ಗಂಟೆಯ ನಂತರ ಅಗೇಟ್ ಕಲ್ಲಿನಿಂದ ಉಜ್ಜಿ ಹೊಳಪು ತನ್ನಿ. ಅವಸರ ಮಾಡಿದರೆ ರೇಕು ಬೋಲ್ ಸಮೇತ ಕಿತ್ತು ಬರುತ್ತದೆ. ಮೈಸೂರು ಶೈಲಿಯ ಉಬ್ಬು ಚಿನ್ನಕ್ಕೆ ಕೈ ಪಳಗಿದವರು ಇಲ್ಲಿ ಸ್ವಲ್ಪ ತಡೆದುಕೊಳ್ಳಬೇಕು. ಇದು ಪುಟ ಮುಚ್ಚುವ ಪುಸ್ತಕದ ಕೆಲಸ, ಚಿನ್ನ ಮಟ್ಟಸವಾಗಿಯೇ ಇರಬೇಕು.

ಇನ್ನು ಕೆಂಪು. ಅರ್ಮೇನಿಯಾದ ಹೆಸರುವಾಸಿ ಬಣ್ಣ 'ವೊರ್ದಾನ್ ಕರ್ಮಿರ್', ಹುಳುವಿನ ಕೆಂಪು. ಅರರಾತ್ ಬಯಲಿನ ಉಪ್ಪುನೆಲದಲ್ಲಿ ಹುಲ್ಲಿನ ಬೇರಿಗೆ ಅಂಟಿ ಬದುಕುವ ಹುಳು ಅದರ ಮೂಲ. ಶರತ್ಕಾಲದ ಬೆಳಗಿನ ಜಾವ ಮಣ್ಣಿನಿಂದ ಮೇಲೆ ಬರುತ್ತದೆ. ಅದರ ಮೈಯಲ್ಲಿ ಕೊಬ್ಬು ಬಹಳ, ಬಣ್ಣ ತೆಗೆಯುವ ಮುಂಚೆ ಅದನ್ನು ಕಳೆಯಬೇಕು. ಈ ಹುಳು ಈಗ ಅಪರೂಪ, ಹಾಗಾಗಿ ನಮ್ಮ ಕೆಲಸಕ್ಕೆ ಮಾರಾಟದಲ್ಲಿರುವ ಅಮೆರಿಕದ ಕೊಚಿನಿಯಲ್ ಹುಳುವೇ ಆದೀತು. 5 ಗ್ರಾಂ ಒಣಹುಳುವನ್ನು ಪುಡಿಮಾಡಿ 250 ಮಿ.ಲೀ. ಮಳೆನೀರಿನಲ್ಲೋ ಡಿಸ್ಟಿಲ್ಡ್ ನೀರಿನಲ್ಲೋ 20 ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ, ಬಟ್ಟೆಯಲ್ಲಿ ಸೋಸಿ. ಬಿಸಿ ಇರುವಾಗಲೇ 5 ಗ್ರಾಂ ಪಟಿಕ ಕರಗಿಸಿ. ಬೇರೆ ಲೋಟದಲ್ಲಿ 1.5 ಗ್ರಾಂ ವಾಷಿಂಗ್ ಸೋಡಾ ಕರಗಿಸಿ ಚಮಚ ಚಮಚವಾಗಿ ಹಾಕಿ. ನೊರೆ ಉಕ್ಕುತ್ತದೆ, ದೊಡ್ಡ ಪಾತ್ರೆಯೇ ಇರಲಿ. ಬಣ್ಣ ಗಷ್ಟಾಗಿ ತಳಕ್ಕಿಳಿಯುತ್ತದೆ. ರಾತ್ರಿ ಬಿಟ್ಟು, ಸೋಸಿ, ತೊಳೆದು, ನೆರಳಲ್ಲಿ ಒಣಗಿಸಿ. ಸೋಡಾ ಹೆಚ್ಚಾದರೆ ಕೆಂಪು ಹೋಗಿ ನೇರಳೆ ಬರುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಕುದಿಸಿದರೆ ಮಂಕು ಕಂದು. ಸ್ಟೀಲ್ ಅಥವಾ ಗಾಜಿನ ಪಾತ್ರೆಯೇ ಬೇಕು.

ನೀಲಿಗೆ ಅಂದು ಲ್ಯಾಪಿಸ್ ಲಜೂಲಿ ಕಲ್ಲು, ನಮಗೆ ಅಂಗಡಿಯ ಅಲ್ಟ್ರಾಮರೀನ್ ಪುಡಿ. ಕಲ್ಲಿನ ಪುಡಿಯೇ ಇದ್ದರೆ ಅತಿಯಾಗಿ ಅರೆಯಬೇಡಿ, ನೀಲಿ ಬೂದಿಯಾಗುತ್ತದೆ. ಹಳೆಯವರು ಹಳದಿಗೆ ಹರಿದಳ ಎಂಬ ಖನಿಜ ಬಳಸುತ್ತಿದ್ದರು. ಅದರಲ್ಲಿ ಗಂಧಕದ ಜೊತೆ ಆರ್ಸೆನಿಕ್ ಇದೆ: ವಿಷ, ಮೇಲಾಗಿ ಸೀಸದ ಬಿಳಿಯ ಜೊತೆ ಬೆರೆತರೆ ಕಪ್ಪಾಗುತ್ತದೆ. ಹಳದಿ ಓಕರ್, ಟೈಟಾನಿಯಂ ಬಿಳಿ ಸಾಕು.

ಅಂಟು: 10 ಗ್ರಾಂ ಗಮ್ ಅರೇಬಿಕ್, 20 ಮಿ.ಲೀ. ಬೆಚ್ಚಗಿನ ನೀರು, ರಾತ್ರಿ ನೆನೆಸಿ ಸೋಸಿ, ನಾಲ್ಕು ಹನಿ ಜೇನು. ಪುಡಿಯನ್ನು ನೀರಿನಲ್ಲಿ ಅರೆದು ಮುದ್ದೆ ಮಾಡಿ, ಅದರ ಕಾಲು ಭಾಗದಷ್ಟು ಅಂಟು ಸೇರಿಸಿ. ಒಂದು ಚೂರು ಕಾಗದಕ್ಕೆ ಬಳಿದು, ಒಣಗಿದ ಮೇಲೆ ಬೆರಳಾಡಿಸಿ: ಬಣ್ಣ ಬೆರಳಿಗೆ ಬಂದರೆ ಅಂಟು ಕಡಿಮೆ, ಗಾಜಿನಂತೆ ಹೊಳೆದು ಬಿರಿದರೆ ಜಾಸ್ತಿ.

ಬಣ್ಣ ಹಾಲಿನ ಹದದಲ್ಲಿರಲಿ. ಎದೆ ಕೆಂಪು, ರೆಕ್ಕೆ ನೀಲಿ, ಮೀನಿಗೆ ನೀಲಿ ಹಳದಿ ಬೆರೆಸಿದ ಹಸಿರು. ಎರಡನೆಯ ಪದರ ಅರ್ಧ ಗಂಟೆ ಬಿಟ್ಟು, ಒಂದೇ ಎಳೆತದಲ್ಲಿ ಬಳಿಯಿರಿ. ಮತ್ತೆ ಮತ್ತೆ ತಿಕ್ಕಿದರೆ ಕೆಳಗಿನದು ಕರಗಿ ಎದ್ದುಬರುತ್ತದೆ. ಆಮೇಲೆ ಗಾಢ ಛಾಯೆ, ಆಮೇಲೆ 000 ಕುಂಚದಲ್ಲಿ ಗರಿಗರಿಗೂ ಬಿಳಿಯ ಕೂದಲೆಳೆ ಗೆರೆ. 1256ರಿಂದ 1268ರವರೆಗೆ ಕಿಲಿಕಿಯಾ ಎಂಬ ಅಂದಿನ ಅರ್ಮೇನಿಯನ್ ರಾಜ್ಯದ ಹ್ರೊಮ್‌ಕ್ಲಾ ಕೋಟೆಯಲ್ಲಿ ದುಡಿದ ಚಿತ್ರಕಾರ ತೊರೋಸ್ ರೊಸ್ಲಿನ್‌ನ ಪುಟಗಳನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿ, ಈ ಕೂದಲೆಳೆಯ ಬೆಲೆ ತಿಳಿಯುತ್ತದೆ. ನಂತರದ ಶತಮಾನದ ಸರ್ಗಿಸ್ ಪಿತ್ಸಾಕ್‌ನದೂ ನೋಡಬೇಕಾದ ಕೈ. ಪಿತ್ಸಾಕ್ ಎಂದರೆ ಕಣಜದ ಹುಳು!

ಹೊರಗೆರೆ ಕಟ್ಟಕಡೆಗೆ. ಮಸಿ ಕಪ್ಪಿಗೆ ಚೂರು ಕೆಂಪು ಬೆರೆಸಿ, ಉಸಿರು ಹಿಡಿದು ಒಂದೊಂದು ಹಕ್ಕಿಯನ್ನೂ ಕೊಕ್ಕಿನಿಂದ ಬಾಲದವರೆಗೆ ಸುತ್ತಿ. ಚಿನ್ನದ ಅಂಚಿನ ಹರಕು ಮುರುಕನ್ನು ಮುಚ್ಚುವುದೂ ಇದೇ ಗೆರೆ. ಕಣ್ಣು ಎಲ್ಲಕ್ಕಿಂತ ಕೊನೆಗೆ: ಬಿಳಿಯ ಚುಕ್ಕೆ, ಒಣಗಿದ ಮೇಲೆ ನಡುವೆ ಕಪ್ಪು.

ವಾರ್ನಿಷ್ ಹಚ್ಚಬೇಡಿ. ಎರಡು ದಿನ ಒಣಗಿದ ಮೇಲೆ ಗ್ಲಾಸಿನ್ ಮುಚ್ಚಿ, ಒತ್ತುಕಾಗದದ ನಡುವೆ ಇಟ್ಟು ಮೇಲೊಂದು ಹಲಗೆ ಹೇರಿ. ಹುಳುವಿನ ಕೆಂಪು ಬೆಳಕಿಗೆ ಮಾಸುತ್ತದೆ. ಗೋಡೆಗೆ ನೇತುಹಾಕುವ ಬದಲು ಪುಸ್ತಕದೊಳಗೇ ಇಟ್ಟುಕೊಳ್ಳಿ.